ಬಾಟಲಿಯ ಕೊರಳಿನ ಹಸಿರು ನೂಲು

ಫೆಬ್ರವರಿ ೧೪

ತಮ್ಮನಿಗೆ,

ಈ ತಿಂಗಳ ಹನ್ನೊಂದರ ಬೆಳಿಗ್ಗೆ, ಇನ್ನೂ ಬಾಗಿಲು ತೆರೆಯುವ ಮೊದಲೇ, ನಿಮ್ಮ ಮತ್ಸ್ಯಾಲಯದ ಕಡಲತೊಟ್ಟಿಯ ಗಾಜಿಗೆ ಒಂದು ಚೀಟಿ ಅಂಟಿಸಲಾಯಿತು. ‘ಈ ತೊಟ್ಟಿಯ ಚಿಪ್ಪುಜೀವಿಗಳೂ ಬೀಸಣಿಗೆ ಹುಳುಗಳೂ ಒಂದು ಮನೆಯಲ್ಲಿ ತಯಾರಾಗಿ ಬಂದ ಅಶುದ್ಧ ಆಹಾರದಿಂದ ಸತ್ತಿವೆ.’ ಇಷ್ಟೇ ಬರಹ. ಈ ಊರಿನಲ್ಲಿ ಮತ್ಸ್ಯಾಲಯಕ್ಕೆ ಮನೆಯಲ್ಲಿ ಆಹಾರ ಬೆಳೆಸಿ ಕೊಡುವವಳು ನಾನೊಬ್ಬಳೇ. ಹೆಸರು ಬರೆಯದೆಯೇ ಹೆಸರು ಹೇಳುವುದು ಹೇಗೆಂದು, ಪತ್ರಿಕೆಯಲ್ಲಿ ಕರಡು ತಿದ್ದುತ್ತ ತಲೆ ನರೆಸಿಕೊಂಡವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಚೀಟಿಯ ಅಕ್ಷರ ನಿನ್ನದು. ‘ಸ’ಕ್ಕೆ ಬಾಲ ಎಳೆಯುವ ಚಾಳಿ ನಿನಗೆ ಒಂದನೇ ಕ್ಲಾಸಿನಿಂದ ಇದೆ.

ನೀನು ಎಷ್ಟೋ ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಫೋನಿನಲ್ಲಿ ನೀನು ‘ಇರು ಅಕ್ಕ, ನೋಡೋಣ ಅಕ್ಕ’ ಎಂದು ಜಾರಿಕೊಳ್ಳುತ್ತೀಯ. ಕಾಗದದ ಮೇಲೆ ಜಾರುವುದು ಕಷ್ಟ. ಅದಕ್ಕೇ ಬರೆಯುತ್ತಿದ್ದೇನೆ. ನೀನೂ ಬರೆ.

ಆ ದಿನ ನಾನು ಎಂದಿನಂತೆ ಖಾಲಿ ಕ್ಯಾನು ಹಿಡಿದು ಬಂದಿದ್ದೆ. ಟಿಕೆಟ್ ಕೊಡುವವಳು ಮುಖ ಆ ಕಡೆ ತಿರುಗಿಸಿದಳು. ಯಾಕೆಂದು ಗಾಜಿನ ಮುಂದೆ ನಿಂತ ಮೇಲೆ ತಿಳಿಯಿತು. ಒಬ್ಬ ತಾಯಿ ಮಗಳಿಗೆ ಓದಿ ಹೇಳುತ್ತಿದ್ದಳು.

“ಯಾರೋ ಕೊಳಕು ನೀರು ತಂದು ಹಾಕ್ಬಿಟ್ರಂತೆ ಪುಟ್ಟಿ.”

“ಯಾಕಮ್ಮಾ?”

“ಬುದ್ಧಿ ಇಲ್ದೆ.”

ಬುದ್ಧಿ ಇಲ್ಲದವಳು ಪಕ್ಕದಲ್ಲೇ ನಿಂತಿದ್ದಳು, ಕೈಯಲ್ಲಿ ಕ್ಯಾನು.

ಕೆಲಸದಿಂದ ನಿವೃತ್ತಳಾದಾಗ ನನ್ನ ಮುಂಗೋಣೆಯಲ್ಲಿ ಉಪ್ಪುನೀರಿನ ಚಿಕ್ಕ ತೊಟ್ಟಿ ಇಟ್ಟುಕೊಟ್ಟವನು ನೀನು. ಅದರೊಳಗಿನ ಹುಳುಗಳಿಗೆ ಹೊಟ್ಟೆಗೆ ಏನಪ್ಪಾ ಎಂದು ಕೇಳಿದ್ದಕ್ಕೆ ಹಸಿರು ನೀರಿನ ಒಂದು ಸೀಸೆ ತಂದುಕೊಟ್ಟೆ. “ಇದ್ರಲ್ಲಿ ಕಣ್ಣಿಗೆ ಕಾಣದ ಪಾಚಿ ಇದೆ ಅಕ್ಕ. ಕಡಲಿನ ಹುಲ್ಲು ಅಂದ್ಕೋ. ಓದಿದೋರು ಫೈಟೊಪ್ಲಾಂಕ್ಟನ್ ಅಂತಾರೆ. ಮೊಸರಿಗೆ ಹೆಪ್ಪು ಹಾಕಿದ ಹಾಗೇನೇ. ಉಪ್ಪುನೀರಿಗೆ ಇದನ್ನ ಒಂದು ಲೋಟ ಹಾಕು, ಎರಡು ಹನಿ ಗೊಬ್ಬರ, ಬೆಳಕು, ಗುಳುಗುಳು ಅಂತ ಗಾಳಿ. ವಾರದೊಳಗೆ ಬಾಟ್ಲಿ ತುಂಬ ಹಸಿರು.” ನನ್ನ ಬಚ್ಚಲ ಕಪಾಟು ಅಂದಿನಿಂದ ಗದ್ದೆಯಾಯಿತು. ನನ್ನ ತೊಟ್ಟಿಗೆ ಬೇಕಾದ್ದಕ್ಕಿಂತ ಹೆಚ್ಚು ಬೆಳೆಯತೊಡಗಿದಾಗ “ನಮಗೂ ಕೊಡು” ಎಂದವನೂ ನೀನೇ. ಪ್ರತಿವಾರ ಹಸಿರು ನೀರು ನಿಮಗೆ, ಮುಂದಿನ ಬೆಳೆಗೆ ಬೇಕಾದ ಉಪ್ಪುನೀರು ನಿಮ್ಮ ನಲ್ಲಿಯಿಂದ ನನಗೆ. ಹೀಗೆ ಆರು ವರ್ಷ ನಡೆದಿದೆ.

ಈ ವರ್ಷ ಜನವರಿಯಿಂದ ನನ್ನ ಬಾಟಲಿಗಳು ಹಳದಿ ತಿರುಗುತ್ತಿವೆ. ಅದನ್ನು ನಿನಗೆ ಹೇಳಿದ್ದೇನೆ. ಕೊನೆಯ ಬಾಟಲಿಯನ್ನು ನಿನ್ನ ಕೈಗೆ ಕೊಡುವಾಗ “ಬಣ್ಣ ಸರಿಯಿಲ್ಲ, ತೊಟ್ಟಿಗೆ ಹಾಕ್ಬೇಡ, ಏನಾಗಿದೆ ನೋಡು” ಎಂದೂ ಹೇಳಿದೆ. ನನಗೆ ನಿನ್ನಿಂದ ಬೇಕಾಗಿರುವುದು ಒಂದೇ ಉತ್ತರ. ಆ ಬಾಟಲಿಯನ್ನು ನೀನು ತೊಟ್ಟಿಗೆ ಹಾಕಿದೆಯೋ ಇಲ್ಲವೋ?

ನಿನ್ನ ಅಕ್ಕ


ಫೆಬ್ರವರಿ ೧೯

ಅಕ್ಕನಿಗೆ,

ನಿನ್ನ ಕಾಗದ ಓದಿ ಅನ್ನ ಇಳಿಯಲಿಲ್ಲ. ಚೀಟಿ ನಾನೇ ಬರೆದದ್ದು ಹೌದು, ಆದರೆ ಮಾತು ನನ್ನದಲ್ಲ. ನಿರ್ದೇಶಕರು ಪಕ್ಕದಲ್ಲಿ ನಿಂತು ಹೇಳಿದರು, ನಾನು ಬರೆದೆ. ಹಿಂದಿನ ದಿನವೇ ಜನ ಟಿಕೆಟ್ ಕಿಟಕಿಯಲ್ಲಿ ಗಲಾಟೆ ಮಾಡಿದ್ದರು. ಏನಾದರೂ ಒಂದು ಕಾರಣ ಹೇಳಲೇಬೇಕಿತ್ತು.

ಸತ್ತವೆಲ್ಲ ನಾನು ಬೆಳೆಸಿದವು. ಒಂದೊಂದೇ ಚಿಪ್ಪು ಬಾಯಿ ತೆರೆದದ್ದು ಮತ್ತೆ ಮುಚ್ಚಲಿಲ್ಲ. ಅವನ್ನು ಹೊರಗೆ ತೆಗೆದವನು ನಾನು. ನನಗೆ ನೋವಿಲ್ಲ ಎಂದುಕೊಳ್ಳಬೇಡ. ನಾವು ಅಜ್ಜಿ ಎಂದು ಕರೆಯುವ ಆ ದೊಡ್ಡ ಕಪ್ಪೆಚಿಪ್ಪು ಮಾತ್ರ ಉಳಿದಿದ್ದಾಳೆ. ಅವಳನ್ನು ಹಿಂದಿನ ಕೋಣೆಗೆ ಸಾಗಿಸಿದ್ದೇನೆ.

ಕಡಲತೊಟ್ಟಿಯನ್ನು ಏಪ್ರಿಲ್ ಕೊನೆಗೆ ಮತ್ತೆ ತೆರೆಯುತ್ತಾರೆ. ಹೊಸ ಜೀವಿಗಳು ಬರುತ್ತವೆ, ಆಡಳಿತ ಮಂಡಳಿಯ ಅಧ್ಯಕ್ಷರು ಬರುತ್ತಾರೆ. ಮುಖ್ಯ ಪಾಲಕನಾಗಿ ನಾನು ಖಾಯಂ ಆಗುವುದೂ ಆ ದಿನವೇ. ನಾವಿರುವ ಮನೆ ಆ ಹುದ್ದೆಯ ಜೊತೆ ಬಂದದ್ದು ಎಂದು ನಿನಗೆ ಗೊತ್ತು.

ನಿರ್ದೇಶಕರು ಒಂದು ದಾರಿ ಹೇಳಿದ್ದಾರೆ. ‘ತಿಳಿಯದೆ ಆದ ತಪ್ಪು’ ಎಂದು ನೀನು ಒಂದು ಸಾಲು ಬರೆದುಕೊಟ್ಟರೆ ಚೀಟಿ ತೆಗೆಸುತ್ತಾರೆ. ನಿನ್ನ ಹೆಸರು ಎಲ್ಲೂ ಬರುವುದಿಲ್ಲ. ಒಂದು ಸಾಲು ಅಕ್ಕ. ಸಾವಿರಾರು ಸಾಲು ತಿದ್ದಿದವಳು ನೀನು.

ನಿನ್ನ ತಮ್ಮ


ಫೆಬ್ರವರಿ ೨೨

ತಮ್ಮನಿಗೆ,

ನಾನು ಕೇಳಿದ್ದು ಒಂದು ಪ್ರಶ್ನೆ. ಅದರ ಸುತ್ತ ಅಂದವಾಗಿ ಒಂದು ಸುತ್ತು ಹಾಕಿ ಬಂದಿದ್ದೀಯ, ಪ್ರಶ್ನೆಯನ್ನು ಮಾತ್ರ ಮುಟ್ಟಿಲ್ಲ.

ಸಾವಿರಾರು ಸಾಲು ತಿದ್ದಿದ್ದೇನೆ, ನಿಜ. ಸುಳ್ಳನ್ನು ನಿಜವಾಗಿ ತಿದ್ದುವ ಕೆಲಸ ಮಾತ್ರ ಮಾಡಿಲ್ಲ. ಬರೆದುಕೊಡುವುದಿಲ್ಲ ಎಂದು ನಿರ್ದೇಶಕರಿಗೆ ಹೇಳು.

ಹಳೆಯ ಗ್ರಂಥಾಲಯದ ಮಾಳಿಗೆಗೆ ಬೆಂಕಿ ಬಿದ್ದ ವರ್ಷ ನಿನಗೆ ನೆನಪಿರಲಿಕ್ಕಿಲ್ಲ, ನನಗಿದೆ. ಕಸ ಗುಡಿಸುವವಳು ಮೇಣದಬತ್ತಿ ಆರಿಸದೆ ಹೋದಳು ಎಂದು ಮರುದಿನವೇ ಹೇಳಿಕೆ ಬಂತು. ಮೊದಲ ಪುಟ, ದಪ್ಪಕ್ಷರ. ಕಾರಣ ಮಾಳಿಗೆಯೊಳಗಿನ ಹಳೇ ವೈರು ಎಂದು ತನಿಖೆಯವರು ಹೇಳಿದ್ದು ಎಷ್ಟೋ ತಿಂಗಳಾದ ಮೇಲೆ. ಅದು ಒಳಪುಟದಲ್ಲಿ, ಹವಾಮಾನ ವರದಿಯ ಕೆಳಗೆ ಬಂತು. ಅಷ್ಟರಲ್ಲಿ ಆಕೆ ಊರೇ ಬಿಟ್ಟಿದ್ದಳು. ಇಂದಿಗೂ ಇಲ್ಲಿಯವರು ಅವಳನ್ನು ‘ಮೇಣದಬತ್ತಿಯವಳು’ ಎಂದೇ ಕರೆಯುವುದು. ಈಜುಕೊಳದ ಚಾವಣಿ ಕುಸಿದಾಗ ಕಾವಲುಗಾರ, ಸೇತುವೆಯ ಕಟಕಟೆ ಮುರಿದಾಗ ಲಾರಿಯವ. ಗೂಬೆ ಕೂರಿಸಲು ಒಂದು ತಲೆ ಬೇಕು, ಆ ತಲೆಗೆ ಹಿಂದೆ ಮುಂದೆ ಯಾರೂ ಇರಬಾರದು. ಈ ಸಲ ಲೆಕ್ಕ ತಪ್ಪಿದ್ದಾರೆ. ನನಗೆ ಹಿಂದೆ ಮುಂದೆ ಯಾರೂ ಇಲ್ಲದಿರಬಹುದು, ಆದರೆ ನೆನಪಿದೆ.

ನಾನು ‘ಕೊಳಕು ನೀರಿನವಳು’ ಆಗಿ ಉಳಿಯುವುದಿಲ್ಲ.

ಇನ್ನೊಂದು ಸಂಗತಿ. ನನ್ನ ತೊಟ್ಟಿಯ ದೊಡ್ಡ ಹುಳು ನಿನ್ನೆ ತನ್ನ ಬೀಸಣಿಗೆಯನ್ನೇ ಕಳಚಿಹಾಕಿತು. ಗರಿಗಳ ಆ ಚಕ್ರ ಮರಳಿನ ಮೇಲೆ ಬಿದ್ದಿತ್ತು, ಹುಳು ಕೊಳವೆಯೊಳಗೆ ಮುದುಡಿಕೊಂಡಿತ್ತು. ಹಸಿವಿಗೆ ಹಾಗೆ ಮಾಡುತ್ತದೋ ವಿಷಕ್ಕೋ ತಿಳಿಯದು. ಪರೀಕ್ಷೆ ಮಾಡಿ ನೋಡುತ್ತೇನೆ. ಫ್ರಿಜ್ಜಿನಲ್ಲಿ ಹೆಪ್ಪಿಗೆಂದು ಎತ್ತಿಟ್ಟ ತಾಯಿ ಬಾಟಲಿ ಒಂದಿದೆ. ಡಿಸೆಂಬರಿನಲ್ಲಿ ಬೆಳೆದದ್ದು, ಈಗಲೂ ಕಡುಹಸಿರು. ಅದರಿಂದ ನಾಲ್ಕು ಬಾಟಲಿಗೆ ಸಮನಾಗಿ ಹಾಕಿದ್ದೇನೆ. ಎರಡಕ್ಕೆ ಮನೆಯಲ್ಲಿ ಉಳಿದಿದ್ದ ನಿಮ್ಮ ನಲ್ಲಿಯ ನೀರು. ಇನ್ನೆರಡಕ್ಕೆ ಅಂಗಡಿಯ ಕಡಲುಪ್ಪು ಬೆರೆಸಿ ನಾನೇ ಮಾಡಿಕೊಂಡ ನೀರು. ಒಂದೇ ಗೊಬ್ಬರ, ಒಂದೇ ದೀಪ. ಬೆಳಕು ಒಂದಕ್ಕೆ ಹೆಚ್ಚು ಬಿತ್ತು ಎಂಬ ಮಾತು ಬರದಂತೆ ಅವುಗಳ ಜಾಗವನ್ನೂ ಬದಲಿಸುತ್ತಿರುತ್ತೇನೆ.

ಬಣ್ಣದ ವಿಷಯದಲ್ಲಿ ನನ್ನ ಕಣ್ಣಿನ ಮೇಲೆ ನನಗೇ ಭರವಸೆಯಿಲ್ಲ. ಎದುರಿನ ದರ್ಜಿಯನ್ನು ಕರೆದೆ. ಬಚ್ಚಲಿಗೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತ.

“ಏನ್ರೀ ಅಕ್ಕೋರೇ, ಔಷಧಿ ಅಂಗಡಿ ಇಡ್ತೀರಾ?”

“ನಿನ್ನ ನೂಲು ಬೇಕು. ಈ ನೀರಿನ ಬಣ್ಣಕ್ಕೆ ಒಪ್ಪೋ ಹಸಿರು.”

“ನೀರಿಗೆ ಅಂಗಿ ಹೊಲಿಸ್ತೀರಾ? ಅಳತೆ ಹೆಂಗೆ ತಗೊಳ್ಳಲಿ?”

ನಕ್ಕು ಹೋದವನು ರೀಲುಗಳ ಪೆಟ್ಟಿಗೆಯನ್ನೇ ಹೊತ್ತು ತಂದ. ಒಂದೊಂದೇ ರೀಲು ಹಿಡಿದು ನೋಡಿ ಸರಿಯಾದದ್ದನ್ನು ಆರಿಸಿ ನಾಲ್ಕು ಬಾಟಲಿಯ ಕೊರಳಿಗೂ ನೂಲು ಕಟ್ಟಿಕೊಟ್ಟ. ಈಗ ನಾಲ್ಕೂ ತಮ್ಮ ನೂಲಿನ ಬಣ್ಣದಲ್ಲೇ ಇವೆ. ಯಾವುದು ತನ್ನ ನೂಲಿಗೆ ಮೋಸ ಮಾಡುತ್ತದೋ ನೋಡೋಣ.

ನಿನ್ನ ಅಕ್ಕ


ಮಾರ್ಚ್ ೯

ತಮ್ಮನಿಗೆ,

ನಿನ್ನಿಂದ ಕಾಗದವಿಲ್ಲ. ಆದರೂ ಬರೆಯುತ್ತೇನೆ.

ನಿಮ್ಮ ನೀರಿನ ಬಾಟಲಿಗಳೆರಡೂ ಮೊದಲು ಮಂಕಾದವು, ಆಮೇಲೆ ಎಳೆ ಹಳದಿಗೆ ತಿರುಗಿದವು. ಈಗ ಬರಿಯ ನೀರಿನ ಹಾಗಿವೆ, ಅಡಿಯಲ್ಲಿ ಒಂದಿಷ್ಟು ಕಂದು ಗಷ್ಟು. ನನ್ನ ನೀರಿನವು ಕೈಯಿಟ್ಟರೆ ಆಚೆ ಕೈ ಕಾಣದಷ್ಟು ಹಸಿರಾಗಿವೆ. ಮತ್ತೊಮ್ಮೆ ಮಾಡಿ ನೋಡಿದೆ, ಹಾಗೆಯೇ ಆಯಿತು. ಬಣ್ಣ ಹೋದ ಬಾಟಲಿಯ ಕೊರಳಲ್ಲಿ ಆ ಹಸಿರು ನೂಲು ಹಾಗೇ ಇದೆ.

ನನ್ನ ಹಸಿರು ನೀರು ನಿಮ್ಮ ತೊಟ್ಟಿಯನ್ನು ಕೊಂದಿಲ್ಲ. ನಿಮ್ಮ ನೀರು ಎರಡನ್ನೂ ಕೊಂದಿದೆ.

ಆ ನೀರಿನಲ್ಲಿ ಏನಿರಬಹುದು ಎಂದು ಯೋಚಿಸುತ್ತ ಕೂತಿದ್ದೆ. ಡಿಸೆಂಬರಿನವರೆಗೆ ಉಪ್ಪು ಬೆರೆಸುವ ತೊಟ್ಟಿಗೆ ಇದ್ದದ್ದು ಬಿಳಿಯ ಪ್ಲಾಸ್ಟಿಕ್ ನಲ್ಲಿ, ಬಾಯಿ ಒಡೆದಿತ್ತು. ಜನವರಿ ಮೊದಲ ವಾರ ಬಂದಾಗ ಅಲ್ಲೊಂದು ಹಿತ್ತಾಳೆಯ ನಲ್ಲಿ ಥಳಥಳ ಎನ್ನುತ್ತಿತ್ತು. ಅದರ ಹಿಂದೆ ಗೋಡೆಯುದ್ದಕ್ಕೂ ತಾಮ್ರದ ಕೊಳವೆ. ಮೇಲೆ ಫಲಕ, ‘ಆಡಳಿತ ಮಂಡಳಿಯ ಅಧ್ಯಕ್ಷರು ತಮ್ಮ ತಾಯಿಯವರ ನೆನಪಿಗೆ ನೀಡಿದ್ದು’. ಫೋಟೋದಲ್ಲಿ ಹಳೇ ನಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ಬದಲಿಸಿದರು ಎಂದು ನೀನೇ ನಗುತ್ತ ಹೇಳಿದೆ.

ನನ್ನ ತೊಟ್ಟಿಗೆ ನಾನು ಮೊದಲ ಸಲ ಕೈ ಹಾಕಿದ ದಿನವನ್ನು ಜ್ಞಾಪಿಸಿಕೋ. ಬೆರಳಲ್ಲಿ ಅಮ್ಮನ ತಾಮ್ರದುಂಗುರ ಇತ್ತು. ನೀನು ಕೈ ಹಿಡಿದು ಎಳೆದೆ. “ಏಯ್, ತೆಗಿ ತೆಗಿ! ತಾಮ್ರ ತಗಲೋ ಹಾಗಿಲ್ಲ ಅಕ್ಕ. ಮೀನು ತಡ್ಕೊಳ್ತವೆ, ಚಿಪ್ಪಿನವು ತಡ್ಕೊಳಲ್ಲ. ನಿನ್ನ ಪಾಚಿನೂ ತಡ್ಕೊಳಲ್ಲ.” ಅಂದು ಕಳಚಿಟ್ಟ ಉಂಗುರವನ್ನು ಇಂದಿಗೂ ಹಾಕಿಕೊಂಡಿಲ್ಲ.

ಅಕ್ಕನ ಬೆರಳಿನ ಉಂಗುರ ಕಂಡ ಕಣ್ಣಿಗೆ ಗೋಡೆಯುದ್ದದ ಕೊಳವೆ ಕಾಣಲಿಲ್ಲವೇ?

ಹೊಸ ಜೀವಿಗಳು ಬರುತ್ತವೆ ಎಂದು ಬರೆದಿದ್ದೀಯ. ಯಾವ ನೀರಿಗೆ ಬರುತ್ತವೆ? ಆಗ ಯಾರ ಮನೆಗೆ ಚೀಟಿ ಬರೆಯುತ್ತೀಯ?

ನಿನ್ನ ಅಕ್ಕ


ಮಾರ್ಚ್ ೧೪

ಅಕ್ಕ,

ಬಾಟಲಿಗಳ ವಿಷಯ ಯಾರ ಹತ್ತಿರವೂ ಆಡಬೇಡ. ದರ್ಜಿಗೂ ಹೇಳು. ಕೈ ಮುಗಿಯುತ್ತೇನೆ. ತೊಟ್ಟಿ ತೆರೆಯುವ ಸಮಾರಂಭ ಮುಗಿಯಲಿ, ಆಮೇಲೆ ಎಲ್ಲ ಸರಿಮಾಡುತ್ತೇನೆ. ಇಲ್ಲಿ ಗೋಡೆಗೂ ಕಿವಿ ಇದೆ. ಸದ್ಯಕ್ಕೆ ಬರೆಯಬೇಡ.

ತಮ್ಮ


ಏಪ್ರಿಲ್ ೨

ಅತ್ತಿಗೆಯವರಿಗೆ,

ನಾನು ನಿಮಗೆ ಬರೆಯುತ್ತಿರುವುದು ನಿಮ್ಮ ತಮ್ಮನಿಗೆ ಗೊತ್ತಿಲ್ಲ. ಗೊತ್ತಾದರೂ ಏನು ಮಾಡಿಯಾರು, ಮನೆಯಲ್ಲಿ ಮಾತೇ ಕಮ್ಮಿ ಆಗಿದೆ.

ನಮ್ಮ ಬಚ್ಚಲಿನ ತೊಟ್ಟಿಯಲ್ಲಿ ಅಜ್ಜಿ ಇದ್ದಾಳೆ. ಮತ್ಸ್ಯಾಲಯದ ಆ ದೊಡ್ಡ ಕಪ್ಪೆಚಿಪ್ಪು. ಎಲ್ಲರೂ ಅವಳು ಹಿಂದಿನ ಕೋಣೆಯಲ್ಲಿದ್ದಾಳೆ ಎಂದುಕೊಂಡಿದ್ದಾರೆ. ಅಲ್ಲಿ ಖಾಲಿ ತೊಟ್ಟಿಯ ಮೇಲೆ ಬಟ್ಟೆ ಮುಚ್ಚಿಟ್ಟಿದ್ದಾರೆ, ಅಷ್ಟೇ. ಇವರು ಅಂಗಡಿಯಿಂದ ಉಪ್ಪು ತಂದು ನಮ್ಮ ಬಕೆಟ್ಟಿನಲ್ಲೇ ನೀರು ಮಾಡಿ ಹಾಕುತ್ತಾರೆ, ಮತ್ಸ್ಯಾಲಯದ ನೀರು ಒಂದು ಹನಿಯೂ ಮುಟ್ಟಿಸುವುದಿಲ್ಲ. ನಾವು ಸ್ನಾನ ಮಾಡುವುದು ಈಗ ಹಿತ್ತಲಲ್ಲಿ, ಚೊಂಬು ಹಿಡಿದು. “ನಿಮ್ಮ ಅಜ್ಜಿ ಬಂದ್ಮೇಲೆ ಮನೆಯಲ್ಲಿ ನನಗೇ ಜಾಗ ಇಲ್ಲ” ಅಂದೆ. ನಗಲೂ ಇಲ್ಲ.

ಅಜ್ಜಿ ಸೊರಗಿದ್ದಾಳೆ. ಪೊಟ್ಟಣದ ಪುಡಿ ಹಾಕಿದರೆ ಬಾಯಿ ಬಿಚ್ಚುವುದಿಲ್ಲ. ಮೊನ್ನೆ ಇವರು ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು “ಇವಳಿಗೆ ಅಕ್ಕನ ನೀರೇ ಆಗ್ಬೇಕು” ಎಂದು ಗೊಣಗಿಕೊಂಡರು. ನನಗೆ ಕೇಳಿಸಿತು ಎಂದು ಅವರಿಗೆ ತಿಳಿಯದು.

ಕೇಳಲು ಮುಖವಿಲ್ಲ. ಆದರೂ ಕೇಳುತ್ತೇನೆ, ಒಂದು ಬಾಟಲಿ ಹಸಿರು ನೀರು ಕೊಡುತ್ತೀರಾ? ತರಕಾರಿ ಚೀಲದಲ್ಲಿ ಇಟ್ಟುಕೊಂಡು ಬರುತ್ತೇನೆ.

ನಿಮ್ಮ ತಮ್ಮನ ಹೆಂಡತಿ


ಏಪ್ರಿಲ್ ೪

ತಮ್ಮನಿಗೆ,

ನಿನ್ನ ಹೆಂಡತಿ ಬಂದಿದ್ದಳು. ಒಂದಲ್ಲ, ಎರಡು ಬಾಟಲಿ ಕೊಟ್ಟು ಕಳಿಸಿದ್ದೇನೆ. ಒಮ್ಮೆಗೇ ಸುರಿಯಬೇಡ. ನೀರಿಗೆ ಹಸಿರಿನ ನೆರಳು ಬೀಳುವಷ್ಟು ಹಾಕು, ಅದು ತಿಳಿಯಾದ ಮೇಲೆ ಮತ್ತಷ್ಟು. ನಿನಗೇ ಹೇಳುತ್ತಿದ್ದೇನಲ್ಲ! ನೀನು ನನಗೆ ಕಲಿಸಿದ ಮಾತು.

ಅವಳನ್ನು ಬೈಯಬೇಡ. ಅಜ್ಜಿ ಯಾರಿಗೂ ಏನೂ ಮಾಡಿಲ್ಲ, ಅವಳನ್ನು ಉಪವಾಸ ಕೆಡವಿ ನಾನು ಗೆಲ್ಲಬೇಕಾಗಿಲ್ಲ.

ಆದರೆ ಒಂದು ಮಾತು ತಿಳಿದಿರಲಿ. ಹಗಲು ಗಾಜಿನ ಮೇಲೆ ‘ಅಶುದ್ಧ’ ಎಂದು ಬರೆಸಿಕೊಂಡದ್ದನ್ನು, ಸಂಜೆ ತರಕಾರಿಯ ಕೆಳಗೆ ಬಚ್ಚಿಟ್ಟು ನಿನ್ನ ಮನೆಗೇ ಒಯ್ಯಬೇಕಾಗಿ ಬಂದಿದೆ. ಚಿಕ್ಕವನಿದ್ದಾಗ ಅಮ್ಮನ ಹಿಟ್ಟಿನ ಡಬ್ಬಿಯಲ್ಲಿ ಗೊದಮೊಟ್ಟೆ ಸಾಕಿದವನು ನೀನು, ಬೈಸಿಕೊಂಡವಳು ನಾನು. ನಾನು ಬೈಸಿಕೊಳ್ಳುವಾಗ ನೀನು ಬಾಗಿಲ ಹಿಂದೆ ನಿಂತು ಅಳುತ್ತಿದ್ದೆ, ಹೊರಗೆ ಮಾತ್ರ ಬರಲಿಲ್ಲ. ಆಗ ನಿನಗೆ ಆರು ವರ್ಷ. ಈಗ ಎಷ್ಟು?

ಮೊದಲ ಕಾಗದದ ಪ್ರಶ್ನೆ ಇನ್ನೂ ಹಾಗೇ ಇದೆ.

ನಿನ್ನ ಅಕ್ಕ


ಏಪ್ರಿಲ್ ೧೦

ಅಕ್ಕನಿಗೆ,

ಹಾಕಲಿಲ್ಲ.

ನೀನು ಬೇಡ ಎಂದ ಆ ಹಳದಿ ಬಾಟಲಿಯನ್ನು ಅಂದೇ ಮೋರಿಗೆ ಚೆಲ್ಲಿದೆ. ಅದಕ್ಕೆ ಮುಂಚಿನ ವಾರದ್ದನ್ನೂ ಹಾಕಿರಲಿಲ್ಲ. ಚೀಟಿ ಬರೆಯುವಾಗ ನನಗಿದು ಗೊತ್ತಿತ್ತು. ನಿರ್ದೇಶಕರಿಗೂ ಹೇಳಿದ್ದೆ.

ನಲ್ಲಿ ಹಾಕಿದ ದಿನವೇ “ಸಾರ್, ತಾಮ್ರ ಆಗಲ್ಲ” ಎಂದೆ. “ಅಧ್ಯಕ್ಷರ ತಾಯಿ ಹೆಸರಿನ ನಲ್ಲಿ ಕಣಯ್ಯಾ. ಕಿತ್ತು ಅವರ ಕೈಗೇ ಕೊಟ್ಟು ಬರ್ಲಾ? ಸ್ವಲ್ಪ ನೀರು ಹರಿಸಿ ಆಮೇಲೆ ಹಿಡಿ, ಏನೂ ಆಗಲ್ಲ” ಎಂದರು. ಹರಿಸಿ ಹಿಡಿದೆ. ಕೊಳವೆಯಲ್ಲಿ ನೀರು ನಿಂತು ನಿಂತು ಬರುತ್ತದೆ, ಹರಿಸಿದರೆ ಎಷ್ಟು ಹೋದೀತು? ವಾರವಾರವೂ ಅದೇ ನೀರನ್ನು ತೊಟ್ಟಿಗೆ ಬಿಟ್ಟೆ. ತಾಮ್ರ ಪತ್ತೆಮಾಡುವ ಹನಿಮದ್ದು ನಮ್ಮ ಕಪಾಟಿನಲ್ಲೇ ಇದೆ. ಚಿಪ್ಪುಗಳು ಸಾಯಲು ಶುರುವಾದಾಗ ಅದನ್ನು ತೆಗೆದೆ. ನಿರ್ದೇಶಕರು ಕೈಯಿಂದ ಕಿತ್ತುಕೊಂಡು “ನೋಡಿದ್ರೆ ತಾನೇ ತಾಪತ್ರಯ?” ಎಂದರು.

ಅಜ್ಜಿ ನಿನ್ನೆ ಬಾಯಿ ಬಿಚ್ಚಿದಳು. ನೀರು ತಿಳಿಯಾಗುವ ತನಕ ಬಿಚ್ಚಿಕೊಂಡೇ ಇದ್ದಳು. ನಾನು ಅಲ್ಲೇ ಕೂತಿದ್ದೆ.

ಏಪ್ರಿಲ್ ಮೂವತ್ತಕ್ಕೆ ಅವಳನ್ನು ಮತ್ತೆ ಕಡಲತೊಟ್ಟಿಯಲ್ಲಿ ಇಡಬೇಕಂತೆ, ಅಧ್ಯಕ್ಷರ ಫೋಟೋಗೆ. ನಲ್ಲಿ ಹಾಗೇ ಇರುತ್ತದಂತೆ. ನಾನು ಬಾಯಿಬಿಟ್ಟರೆ ಕೆಲಸ ಇಲ್ಲ, ಮನೆ ಇಲ್ಲ. ಬಿಡದಿದ್ದರೆ ಅಜ್ಜಿ ಇಲ್ಲ. ಏನು ಮಾಡಲಿ ಅಕ್ಕ?

ತಮ್ಮ


ಏಪ್ರಿಲ್ ೧೨

ತಮ್ಮನಿಗೆ,

ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ನಾನು ಏನು ಮಾಡುತ್ತೇನೆ ಎಂದು ಹೇಳುತ್ತೇನೆ.

ನಿನ್ನ ಕಾಗದವನ್ನು ಯಾರಿಗೂ ತೋರಿಸುವುದಿಲ್ಲ. ಅದು ನನ್ನ ತಮ್ಮ ನನಗೆ ಬರೆದದ್ದು, ಸಾಕ್ಷಿಗೆಂದು ಬರೆದದ್ದಲ್ಲ. ಅದನ್ನು ಮುಂದಿಟ್ಟು ಗೆಲ್ಲುವುದಾದರೆ ಆ ನಿರ್ದೇಶಕರಿಗೂ ನನಗೂ ಏನು ವ್ಯತ್ಯಾಸ?

ಬರುವ ಭಾನುವಾರ, ಹತ್ತೊಂಬತ್ತಕ್ಕೆ, ಜನ ತುಂಬಿರುವ ಹೊತ್ತಿಗೆ ನಿಮ್ಮ ಅಂಗಳಕ್ಕೆ ಬರುತ್ತೇನೆ. ಜೊತೆಗೆ ದರ್ಜಿ, ಅವನ ನೂಲು, ನನ್ನ ತಾಯಿ ಬಾಟಲಿ. ಆ ನಲ್ಲಿಯ ನೀರನ್ನು ಎಲ್ಲರೆದುರು ಎರಡು ಬಾಟಲಿಗೆ ಹಿಡಿದು ಕೊಡಿ ಎಂದು ಕೇಳುತ್ತೇನೆ. ಕೊಡದಿದ್ದರೆ ಯಾಕೆ ಕೊಡಲಿಲ್ಲ ಎಂಬುದನ್ನು ಜನ ನೋಡುತ್ತಾರೆ. ಕೊಟ್ಟರೆ ದರ್ಜಿಯ ಅಂಗಡಿಯ ಕಿಟಕಿಯಲ್ಲಿ, ಬೀದಿಗೆ ಮುಖ ಮಾಡಿ ಇಡುತ್ತೇವೆ. ಬಣ್ಣ ಏನಾಗುತ್ತದೆಂದು ಊರು ನೋಡಲಿ.

ನೀನು ಆ ದಿನ ರಜೆ ಹಾಕಿದರೂ ನನಗೆ ಬೇಸರವಿಲ್ಲ. ಇದನ್ನು ಸಿಟ್ಟಿನಲ್ಲಿ ಬರೆಯುತ್ತಿಲ್ಲ. ನಿನ್ನ ಮನೆ, ನಿನ್ನ ಹೆಂಡತಿ, ನಿನ್ನ ಹುದ್ದೆ ಎಲ್ಲ ನನಗೆ ತಿಳಿಯುತ್ತದೆ. ನನ್ನ ಮನೆಯಲ್ಲಿ ಎರಡು ಕೋಣೆ ಖಾಲಿ ಇವೆ ಎಂಬುದೂ ನಿನಗೆ ತಿಳಿದಿರಲಿ. ಬಚ್ಚಲು ಮಾತ್ರ ಖಾಲಿ ಇಲ್ಲ.

ನಿನ್ನ ಅಕ್ಕ


ಏಪ್ರಿಲ್ ೧೭

ಅಕ್ಕ,

ರಜೆ ಹಾಕುವುದಿಲ್ಲ. ನಲ್ಲಿ ನಾನೇ ತಿರುಗಿಸುತ್ತೇನೆ.

ಇವಳು ಪಾತ್ರೆಗಳನ್ನು ಆಗಲೇ ಗೋಣಿಚೀಲಕ್ಕೆ ತುಂಬುತ್ತಿದ್ದಾಳೆ. ನಿನ್ನ ಬಚ್ಚಲಲ್ಲಿ ಅಜ್ಜಿಗೂ ಒಂದಿಷ್ಟು ಜಾಗ ಮಾಡಿಡು.

ತಮ್ಮ